ಹೇಳಿ ಮಾಡಿಸಿದ ಕೋವಿ, ಮಾದರಿಯ ಕೋವಿ: ಸಗರನಾಡಿನ ಬೇಡರ ಆಯುಧವಿವೇಕ

ಸುರಪುರ ಸಂಸ್ಥಾನದ ಚರಿತ್ರೆಯನ್ನು ಬರೆದವರೆಲ್ಲರೂ ಬೇಡರ ಶೌರ್ಯವನ್ನು ಕೊಂಡಾಡಿದ್ದಾರೆ. ಅವರ ಗುರಿಕಾರಿಕೆಯನ್ನೂ ಮೆಚ್ಚಿದ್ದಾರೆ. ಆದರೆ ಆ ಗುರಿಕಾರಿಕೆಯು ಯಾವ ಆಯುಧದ ಮೇಲೆ ನಿಂತಿತ್ತು, ಆ ಆಯುಧವನ್ನು ಯಾರು ಹೇಗೆ ಮಾಡುತ್ತಿದ್ದರು, ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣ ಭಾರತದ ಸೈನ್ಯಗಳು ಒಂದೊಂದಾಗಿ ಚಕಮಕಿ ಬಂದೂಕಿಗೆ ಹೊರಳಿದಾಗ ಸಗರನಾಡಿನ ಬೇಡರು ಬತ್ತಿಯ ಬಂದೂಕನ್ನೇ ಏಕೆ ಉಳಿಸಿಕೊಂಡರು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ. ಈ ಮೌನದಿಂದ ಒಂದು ತಪ್ಪು ಗ್ರಹಿಕೆ ಬೆಳೆದಿದೆ. ಬೇಡರು ಧೈರ್ಯಶಾಲಿಗಳು, ಆದರೆ ತಂತ್ರಜ್ಞಾನದಲ್ಲಿ ಹಿಂದುಳಿದವರು. ಆದ್ದರಿಂದಲೇ ಸೋತರು ಎಂಬುದು ಆ ಗ್ರಹಿಕೆ. ಆಯುಧದ ರಚನೆಯನ್ನು ಸೂಕ್ಷ್ಮವಾಗಿ ಗಮನಿಸಿದರೆ ಈ ತೀರ್ಮಾನವು ನಿಲ್ಲುವುದಿಲ್ಲ.

ಕನ್ನಡದಲ್ಲಿ 'ಹೇಳಿ ಮಾಡಿಸಿದಂತಿದೆ' ಎಂಬ ನುಡಿಗಟ್ಟು ಬಳಕೆಯಲ್ಲಿದೆ. ಒಬ್ಬನ ಅಳತೆಗೆ, ಅವನ ಅಗತ್ಯಕ್ಕೆ ಸರಿಯಾಗಿ ಹೊಂದುವ ವಸ್ತುವಿಗೆ ಈ ಮಾತು ಸಲ್ಲುತ್ತದೆ. ಒಂದು ಮೂಲವನ್ನು ಮುಂದಿಟ್ಟುಕೊಂಡು ಅದರಂತೆಯೇ ಸಾವಿರಾರು ಪ್ರತಿಗಳನ್ನು ಮಾಡುವ ಕ್ರಮ ಇನ್ನೊಂದು. ಕರ್ನಾಟಕದ ಕೋವಿಯ ಚರಿತ್ರೆಯು ಬಹುಮಟ್ಟಿಗೆ ಈ ಎರಡು ಕ್ರಮಗಳ ನಡುವಣ ಆಯ್ಕೆಯ ಚರಿತ್ರೆಯಾಗಿದೆ.

ಪದಗಳ ಸಾಕ್ಷ್ಯ

ಆಯುಧದ ಹೆಸರುಗಳಿಂದಲೇ ವಿಚಾರವನ್ನು ಆರಂಭಿಸುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಉಚಿತವಾದ ದಾರಿ. 'ತುಪಾಕಿ' ಎಂಬ ಶಬ್ದವು ತುರ್ಕಿ ಮೂಲದ್ದು. 'ಬಂದೂಕು' ಅರಬ್ಬೀ-ಪಾರಸಿಗಳ ಮೂಲಕ ಬಂದದ್ದು. 'ಚಕಮಕಿ' ಎಂಬುದೂ ತುರ್ಕಿಯ 'ಚಕ್ಮಕ್' ಎಂಬ ಧಾತುವಿಗೆ ಸಂಬಂಧಿಸಿದ್ದು. ಅದರ ಅರ್ಥ ಬಡಿದು ಕಿಡಿ ಹೊಮ್ಮಿಸು ಎಂದು. ಇವುಗಳ ಜೊತೆಯಲ್ಲಿಯೇ 'ಕೋವಿ' ಎಂಬ ದೇಸಿ ಶಬ್ದವಿದೆ. ಅದರ ಮೂಲಾರ್ಥ ಕೊಳವೆ. 'ಮದ್ದು' ಎಂಬುದು ಔಷಧವೂ ಹೌದು, ವಿಷವೂ ಹೌದು. ಕೊನೆಗೆ ಕೋವಿಯಲ್ಲಿ ತುಂಬುವ ಪುಡಿಗೂ ಅದೇ ಹೆಸರಾಯಿತು. 'ಗುಂಡು' ಉರುಟಾದ ಕಲ್ಲಿನ ಹೆಸರು. ಒತ್ತುವ ಕೀಲಿಗೆ 'ಕುದುರೆ', ಕಿಡಿ ತಗುಲಿ ಹೊತ್ತುವ ಪುಡಿಗೆ 'ರಂಜಕ', ಮದ್ದನ್ನು ಗಿಡಿಯುವ ಸಲಾಕೆಗೆ 'ಗಜ'.

ಈ ಪದಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಸ್ತುವು ಹೊರಗಿನಿಂದ ಬಂದಿತೆಂಬುದನ್ನು ಎರವಲು ಪದಗಳು ಹೇಳುತ್ತವೆ. ಆದರೆ ಕೋವಿ, ಮದ್ದು, ಗುಂಡು, ಕುದುರೆ ಎಂಬ ಹೆಸರುಗಳು ಆ ವಸ್ತುವನ್ನು ಊರಿನ ಕುಲುಮೆಯೂ ಊರಿನ ನಾಲಗೆಯೂ ತಮ್ಮದಾಗಿಸಿಕೊಂಡ ಬಗೆಯನ್ನು ಸೂಚಿಸುತ್ತವೆ. ಅರ್ಥವಿಸ್ತಾರದಿಂದ ಹುಟ್ಟಿದ ಇಂತಹ ಹೆಸರುಗಳು ಅರಮನೆಯ ಆಯುಧಶಾಲೆಯಲ್ಲಿ ಮಾತ್ರ ಇದ್ದ ವಸ್ತುವಿಗೆ ದೊರೆಯುವುದು ವಿರಳ.

ಕೃಷ್ಣಾ ತೀರಕ್ಕೆ ಬೆಂಕಿಯ ಆಯುಧಗಳ ಪರಿಚಯ ಬೇಗನೆ ಆಯಿತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಮುತ್ತಿಗೆಯಲ್ಲಿ ಪಾಲ್ಗೊಂಡುದನ್ನು ನೂನಿಜ್ ದಾಖಲಿಸಿದ್ದಾನೆ. ವಿಜಾಪುರದ ಮಲಿಕ್-ಇ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ; 'ರೂಮಿ' ಎಂಬ ಉಪನಾಮವೇ ಅವನ ತುರ್ಕಿ ನಾಡಿನ ನಂಟನ್ನು ಸಾರುತ್ತದೆ. ಶಹಾಪುರದ ಸಮೀಪದ ಗೋಗಿಯು ಆದಿಲಶಾಹಿ ಮನೆತನದ ಸಮಾಧಿಸ್ಥಳ. ಸಗರವು ಪ್ರಮುಖ ಠಾಣ್ಯ. ಯಾದಗಿರಿಯ ಬೆಟ್ಟದ ಕೋಟೆಯಲ್ಲಿ ಇಂದಿಗೂ ತೋಪುಗಳಿವೆ. ಹೀಗಾಗಿ ಸಗರನಾಡು ಬಂದೂಕಿನ ವಿದ್ಯೆಯ ಅಂಚಿನಲ್ಲಿದ್ದ ಪ್ರದೇಶವಲ್ಲ, ಅದರ ಹಾದಿಯಲ್ಲಿಯೇ ಇದ್ದ ಪ್ರದೇಶ.

ಎರಡು ಯಂತ್ರಗಳು

ಬತ್ತಿಯ ಬಂದೂಕಿನ ರಚನೆ ಸರಳವಾದುದು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ನೂಲಿನ ಅಥವಾ ನಾರಿನ ಬತ್ತಿಯೊಂದು ಸದಾ ಕನಲುತ್ತಿರುತ್ತದೆ. ಕುದುರೆಯನ್ನು ಎಳೆದಾಗ ಬತ್ತಿಯನ್ನು ಕಚ್ಚಿಹಿಡಿದ ಕೊಂಡಿಯು ರಂಜಕದ ಬಟ್ಟಲಿಗೆ ಬಾಗುತ್ತದೆ. ರಂಜಕ ಹೊತ್ತಿ, ಕಿರುರಂಧ್ರದ ಮೂಲಕ ನಳಿಗೆಯೊಳಗಣ ಮದ್ದಿಗೆ ಬೆಂಕಿ ತಲುಪುತ್ತದೆ. ಇದರಲ್ಲಿ ಬಲವಾದ ಸ್ಪ್ರಿಂಗು ಬೇಕಿಲ್ಲ. ಒಂದು ಸನ್ನೆಕೋಲು, ಒಂದು ಕೊಂಡಿ, ಒಂದು ಬಟ್ಟಲು ಇದ್ದರೆ ಸಾಕು. ನೇಗಿಲಿನ ಕುಳವನ್ನು ಬಡಿಯುವ ಕಮ್ಮಾರನಿಗೂ ಕೀಲು ದುರಸ್ತಿ ಸಾಧ್ಯ.

ಚಕಮಕಿ ಬಂದೂಕಿನಲ್ಲಿ ಬತ್ತಿಯ ಸ್ಥಾನವನ್ನು ಕಲ್ಲು ಪಡೆಯುತ್ತದೆ. ದವಡೆಯಂತಹ ಹಿಡಿಕೆಯಲ್ಲಿ ಬಿಗಿದ ಚಕಮಕಿ ಕಲ್ಲು ಬಲವಾದ ಸ್ಪ್ರಿಂಗಿನ ರಭಸದಿಂದ ಉಕ್ಕಿನ ಹಲಗೆಯನ್ನು ಬಡಿಯುತ್ತದೆ. ಆ ಪೆಟ್ಟಿಗೆ ಹಲಗೆಯು ಹಿಂದಕ್ಕೆ ಬಾಗಿ ಬಟ್ಟಲಿನ ಮುಚ್ಚಳ ತೆರೆಯುತ್ತದೆ. ಕಿಡಿಗಳು ರಂಜಕದ ಮೇಲೆ ಬೀಳುತ್ತವೆ. ಇಲ್ಲಿ ಮೂರು ಸಂಗತಿಗಳು ಅನಿವಾರ್ಯ: ಮುರಿಯದ, ಸಡಿಲಗೊಳ್ಳದ ಸ್ಪ್ರಿಂಗು, ಮೇಲ್ಮೈ ಸಾಕಷ್ಟು ಗಡುಸಾಗುವಂತೆ ಹದಗೊಳಿಸಿದ ಹಲಗೆ, ಏಕಪ್ರಕಾರವಾಗಿ ಸೀಳಿದ ಕಲ್ಲು. ಒಂದು ಕಲ್ಲು ಸುಮಾರು 20-30 ಹಾರಿಕೆಗಳ ನಂತರ ಮೊಂಡಾಗುತ್ತದೆ. ಇಂಗ್ಲೆಂಡಿನ ಸಫಕ್ ಪ್ರಾಂತದ ಬ್ರಾಂಡನ್ ಎಂಬ ಊರು ಕೋವಿಯ ಕಲ್ಲುಗಳನ್ನು ಸೀಳುವ ಕಸುಬಿನಿಂದಲೇ ಹೆಸರಾಯಿತು.

ಗುಣದೋಷಗಳು ಎರಡರಲ್ಲಿಯೂ ಇವೆ. ಬತ್ತಿಯ ಕೋವಿ ಮಳೆಯಲ್ಲಿ ಕೆಡುತ್ತದೆ; ಇರುಳಿನಲ್ಲಿ ಕೆಂಡವು ಇರವನ್ನು ಬಯಲುಮಾಡುತ್ತದೆ; ಉರಿಯುವ ಬತ್ತಿಯೂ ಮದ್ದಿನ ಚೀಲವೂ ಒಬ್ಬನ ಮೈಮೇಲೆಯೇ ಇರುವುದರಿಂದ ಸೈನಿಕರು ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಅಪಾಯಕರ. ಚಕಮಕಿಯ ಕೋವಿಯಿಂದ ಈ ತೊಡಕುಗಳು ಬಹುಪಾಲು ನಿವಾರಣೆಯಾದವು. ಒತ್ತೊತ್ತಾಗಿ ಸಾಲುಗಟ್ಟಿ, ಅಪ್ಪಣೆಯಾದೊಡನೆ ಒಟ್ಟಿಗೆ ಹಾರಿಸುವ ಕವಾಯತಿನ ಸೈನ್ಯಕ್ಕೆ ಅದು ತಕ್ಕ ಆಯುಧ. ಆದರೆ ಕಲ್ಲು ಉಕ್ಕನ್ನು ಬಡಿಯುವ ರಭಸಕ್ಕೆ ಕೋವಿಯು ಅಲುಗುತ್ತದೆ. ಕಿಡಿ ಹುಸಿಯಾಗುವುದೂ ಉಂಟು. ಬತ್ತಿಯು ಮೆಲ್ಲನೆ ಬಾಗಿ ಮುಟ್ಟುವುದರಿಂದ ಗುರಿ ಕದಲುವುದಿಲ್ಲ. ಒಂಟಿಯಾಗಿ, ಬಂಡೆಯ ಮರೆಯಲ್ಲಿ, ಮೊದಲ ಗುಂಡಿಗೇ ಫಲ ಬಯಸುವ ಬೇಟೆಗಾರನಿಗೆ ಈ ಗುಣವು ದೊಡ್ಡದು.

ಗುಂಡು ಮತ್ತು ನಳಿಗೆಯ ಸಂಬಂಧದಲ್ಲಿಯೂ ಇದೇ ಭೇದ ಕಾಣುತ್ತದೆ. ಕಂಪನಿಯ ಸಿಪಾಯಿಗಳಿಗೆ ಕೊಟ್ಟ 'ಇಂಡಿಯಾ ಪ್ಯಾಟರ್ನ್' ಬಂದೂಕಿನ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರು. ಗುಂಡಿನ ವ್ಯಾಸ ಸುಮಾರು 17.5 ಮಿಲಿಮೀಟರು. ಮದ್ದಿನ ಮಸಿ ಕಟ್ಟಿದ ನಳಿಗೆಯಲ್ಲಿಯೂ ಗುಂಡು ಸಲೀಸಾಗಿ ಇಳಿಯಲೆಂದೇ ಈ ಸಡಿಲವನ್ನು ಬಿಡಲಾಗಿತ್ತು. ನಿಮಿಷಕ್ಕೆ ಎರಡು-ಮೂರು ಬಾರಿ ಹಾರಿಸುವ ವೇಗಕ್ಕಾಗಿ ಗುರಿಯ ನಿಖರತೆಯನ್ನು ಬಿಟ್ಟುಕೊಟ್ಟ ಆಯುಧವದು. ಹೇಳಿ ಮಾಡಿಸಿದ ಕೋವಿಯ ರೀತಿ ಬೇರೆ. ಪ್ರತಿ ನಳಿಗೆಗೂ ಅದರದೇ ಗುಂಡಿನ ಅಚ್ಚು. ಗುಂಡು ಬಿಗಿಯಾಗಿ ಕೂರುತ್ತದೆ, ತುಂಬಲು ಹೊತ್ತು ಹಿಡಿಯುತ್ತದೆ, ಆದರೆ ಹೊರಟ ಗುಂಡು ದಾರಿ ತಪ್ಪುವುದು ಕಡಿಮೆ. ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುರುಳಿಯಾಗಿ ಸುತ್ತಿ, ಕಾಯಿಸಿ ಬಡಿದು ಬೆಸೆದ ಭಾರತೀಯ ನಳಿಗೆಗಳು ಉದ್ದವೂ ದಪ್ಪವೂ ಆಗಿದ್ದು ಹೆಚ್ಚು ಮದ್ದನ್ನು ತಾಳಿಕೊಳ್ಳುತ್ತಿದ್ದವು.

ಹೀಗೆ ಒಂದೊಂದು ಕೋವಿಯನ್ನೂ ಒಂದು ವ್ಯಕ್ತಿಯಂತೆ ಕಾಣುವ ದೃಷ್ಟಿಯು ಅರಮನೆಗಳಲ್ಲಿಯೂ ಇತ್ತು. ಅಕ್ಬರನ ಆಯುಧಶಾಲೆಯಲ್ಲಿ ನಳಿಗೆಯ ಮೇಲೆ ಕಬ್ಬಿಣದ ತೂಕ, ಮಾಡಿದವನ ಹೆಸರು, ಸ್ಥಳ, ಕಾಲ ಮತ್ತು ಕ್ರಮಸಂಖ್ಯೆಗಳನ್ನು ಕೆತ್ತುತ್ತಿದ್ದರೆಂದು ಅಬುಲ್ ಫಜಲನ 'ಐನ್-ಇ-ಅಕ್ಬರಿ' ತಿಳಿಸುತ್ತದೆ. ಪಾದಶಹನ ಮೆಚ್ಚಿನ ಕೋವಿಗೆ 'ಸಂಗ್ರಾಮ' ಎಂಬ ಹೆಸರೇ ಇತ್ತು. ಬೇಡನ ಕೋವಿಗೆ ಇಂತಹ ಬರಹವಿರಲಿಲ್ಲ. ಅದರ ಅಳತೆಯು ಅವನ ತೋಳಿನಲ್ಲಿಯೂ ಕಮ್ಮಾರನ ನೆನಪಿನಲ್ಲಿಯೂ ಇತ್ತು.

ವಾಗಣಗೇರಾದ ಸಾಕ್ಷ್ಯ

ಈ ಆಯುಧದ ಬಲವನ್ನು ಅಳೆಯಲು 1705ರ ವಾಗಣಗೇರಾ ಮುತ್ತಿಗೆಗಿಂತ ಉತ್ತಮವಾದ ನಿದರ್ಶನವಿಲ್ಲ. 1687ರಲ್ಲಿ ಸಗರವು ಮೊಗಲರ ಕೈಸೇರಿ, ಅಲ್ಲಿನ ಪಾಮ ನಾಯಕ ಶರಣಾದನು. ಆನಂತರ ಪಿಡ್ಡ ನಾಯಕನು ವಾಗಣಗೇರಾವನ್ನು ನೆಲೆಯಾಗಿಸಿಕೊಂಡು ಬೇಡರ ಪಡೆಯನ್ನು ಪುನಃ ಕಟ್ಟಿದನು. ವಿಜಾಪುರ ಮತ್ತು ಗೋಲ್ಕೊಂಡಗಳನ್ನು ಗೆದ್ದಿದ್ದ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ, ಫೆಬ್ರುವರಿ 1705ರಲ್ಲಿ, ಸ್ವತಃ ಬಂದು ಈ ಕೋಟೆಯೆದುರು ಬೀಡುಬಿಟ್ಟನು. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆಯಿದು.

ಜದುನಾಥ ಸರ್ಕಾರರು ಪಾರಸಿ ಆಕರಗಳಿಂದ ಸಂಗ್ರಹಿಸಿದ ವಿವರಗಳ ಪ್ರಕಾರ, ಕೋಟೆಯ ಸಮೀಪದ ಲಾಲ್ ಟೇಕ್ರಿ ಎಂಬ ದಿಬ್ಬವನ್ನು ಮೊಗಲರು ಆರಂಭದಲ್ಲಿಯೇ ಹಿಡಿದರೂ ಬೇಡರ ಕಲ್ಲು ಮತ್ತು ಗುಂಡುಗಳ ಸುರಿಮಳೆಯನ್ನು ತಾಳಲಾರದೆ ಬಿಟ್ಟುಕೊಡಬೇಕಾಯಿತು. ಮಾರ್ಚ್ ತಿಂಗಳಿನಲ್ಲಿ ಧನಾಜಿ ಜಾಧವ ಮೊದಲಾದ ಮರಾಠಾ ಸರದಾರರು ನೆರವಿಗೆ ಬಂದರು. ಜುಲ್ಫಿಕಾರ್ ಖಾನನಂತಹ ಸೇನಾನಿಯನ್ನು ಕರೆಸಿಕೊಂಡು, ದಿಬ್ಬವನ್ನು ಮರಳಿ ಗೆದ್ದು, ನೀರಿನ ಬಾವಿಗಳನ್ನು ವಶಪಡಿಸಿಕೊಂಡ ಮೇಲೆ ಏಪ್ರಿಲ್ 27ರ ಇರುಳು ಬೇಡರು ಮನೆಗಳಿಗೆ ಬೆಂಕಿಯಿಟ್ಟು ಕೋಟೆಯಿಂದ ಹೊರಬಿದ್ದರು. ಮೊಗಲರಿಗೆ ದೊರೆತದ್ದು ಬರಿದಾದ ಕೋಟೆ. ಪಿಡ್ಡ ನಾಯಕನು ದೊರೆಯಲಿಲ್ಲ. ಔರಂಗಜೇಬನು ಸಮೀಪದ ದೇವಾಪುರದಲ್ಲಿ ಕಾಯಿಲೆಬಿದ್ದು ತಿಂಗಳುಗಟ್ಟಲೆ ನಿಲ್ಲಬೇಕಾಯಿತು; ಎರಡು ವರ್ಷಗಳ ಒಳಗೆ ಅಹಮದನಗರದಲ್ಲಿ ತೀರಿಕೊಂಡನು.

ಆ ಕಾಲಕ್ಕೆ ಅತಿದೊಡ್ಡದೆನಿಸಿದ ತೋಪುಖಾನೆಯನ್ನು ಸುಮಾರು ಮೂರು ತಿಂಗಳ ಕಾಲ ತಡೆದದ್ದು ಬತ್ತಿಯ ಬಂದೂಕು ಹಿಡಿದ ಕಾಲಾಳುಗಳ ಪಡೆ. ಬಂಡೆಗಲ್ಲುಗಳ ಬೆಟ್ಟ, ಮರೆಯಲ್ಲಿ ಕುಳಿತ ಬೇಟೆಗಾರ, ಬಿಗಿಯಾದ ಗುಂಡು, ಅಲುಗದ ಗುರಿ ಇವು ಒಂದಕ್ಕೊಂದು ಹೇಳಿ ಮಾಡಿಸಿದಂತಿದ್ದವು. ಅವರು ಸೋತದ್ದು ನೀರಿನ ನೆಲೆ ತಪ್ಪಿದುದರಿಂದ, ಕೋವಿಯ ಕೊರತೆಯಿಂದಲ್ಲ.

ಶ್ರೀರಂಗಪಟ್ಟಣದ ಮಾದರಿ

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಆಯ್ಕೆ ಮೈಸೂರಿನದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರು ಕವಾಯತಿನ ಕಾಲಾಳುಪಡೆಯನ್ನು ಕಟ್ಟಲು ಹೊರಟಾಗ ಒಂದೇ ಅಳತೆಯ ಚಕಮಕಿ ಬಂದೂಕುಗಳು ಸಾವಿರಗಟ್ಟಲೆ ಬೇಕಾದವು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಐರೋಪ್ಯ ಬಂದೂಕುಗಳನ್ನು ಮಾದರಿಯಾಗಿಟ್ಟುಕೊಂಡು ಕೋವಿಗಳನ್ನು ತಯಾರಿಸಿದರು. ಫ್ರಾನ್ಸಿನ ಹದಿನಾರನೆಯ ಲೂಯಿಯ ಬಳಿಗೆ ಹೋಗಿ 1788ರಲ್ಲಿ ವರ್ಸೈಯಲ್ಲಿ ಭೇಟಿಯಾದ ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಬೇಡಿದರು. ಸಿದ್ಧ ಬಂದೂಕನ್ನು ಕೊಳ್ಳುವುದಕ್ಕಿಂತ ಅದನ್ನು ಮಾಡುವ ಕೈಗಳನ್ನು ತರಿಸಿಕೊಳ್ಳುವುದು ಮೇಲೆಂಬ ವಿವೇಕ ಅಲ್ಲಿ ಕಾಣುತ್ತದೆ.

ಶ್ರೀರಂಗಪಟ್ಟಣದ ಕೆಲಸಗಾರರು ಬರಿಯ ಅನುಕರಣೆಗೆ ನಿಲ್ಲಲಿಲ್ಲ. ಟಿಪ್ಪುವಿನ ಸ್ವಂತ ಬಳಕೆಯ ಕೋವಿಗಳಲ್ಲಿ ಯಂತ್ರದ ಭಾಗಗಳಿಗೆ ಹುಲಿಯ ತಲೆಯ ರೂಪವಿದೆ, 'ಬಬ್ರಿ' ಎನ್ನುವ ಹುಲಿಪಟ್ಟೆಯ ಚಿತ್ತಾರವಿದೆ, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವಿದೆ. ಯಂತ್ರದ ತತ್ತ್ವ ಯುರೋಪಿನದು. ರೂಪ, ಲಿಪಿ, ಕಾಲಗಣನೆ ಮೈಸೂರಿನವು. ಪಡೆಗೆ ಮಾದರಿಯ ಪ್ರತಿಗಳು, ಪ್ರಭುವಿಗೆ ಹೇಳಿ ಮಾಡಿಸಿದ ಕೋವಿ ಎಂಬ ಎರಡು ಕ್ರಮಗಳೂ ಒಂದೇ ರಾಜ್ಯದಲ್ಲಿ ಒಟ್ಟಿಗೆ ನಡೆದವು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮರೆಯಬಾರದು. 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರನು ಅಲ್ಲಿನ ಬೇಡರನ್ನು ಅಪಾರ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನು. ಸೆರೆಯಾದ ಬಾಲಕರಿಂದ 'ಚೇಲಾ' ದಳಗಳನ್ನು ಕಟ್ಟಿ ಕವಾಯತಿಗೆ ಒಗ್ಗಿಸಿದನು. ಸುರಪುರದ ಬೇಡರೂ ಚಿತ್ರದುರ್ಗದ ಬೇಡರೂ ಒಂದೇ ಜನಸಮುದಾಯಕ್ಕೆ ಸೇರಿದವರು. ಒಂದೆಡೆ ಅವರ ಮಕ್ಕಳನ್ನು ಅಪ್ಪಣೆಗೆ ತಕ್ಕಂತೆ ಸಾಲಾಗಿ ನಿಲ್ಲುವ ಸಿಪಾಯಿಗಳನ್ನಾಗಿ ಮಾಡಲಾಯಿತು. ಇನ್ನೊಂದೆಡೆ ಅವರು ತಮ್ಮ ನಾಯಕನ ಕರೆಗೆ ಓಗೊಟ್ಟು, ಮನೆಯ ಕೋವಿಯನ್ನು ಹೆಗಲಿಗೇರಿಸಿ ಬರುವ ಒಕ್ಕಲು-ಯೋಧರಾಗಿ ಉಳಿದರು. ಆದ್ದರಿಂದ ಆಯುಧದ ಭೇದಕ್ಕೆ ಜಾತಿಯ ಗುಣವಾಗಲಿ ಬುದ್ಧಿಯ ಕೊರತೆಯಾಗಲಿ ಕಾರಣವಲ್ಲ. ಕೋವಿಯ ಒಡೆತನ ಯಾರದು ಎಂಬುದರ ಮೇಲೆ ಅದರ ರೂಪ ನಿರ್ಧಾರವಾಗುತ್ತಿತ್ತು. ರಾಜ್ಯವು ಕೊಡುವ ಕೋವಿ ಮಾದರಿಯ ಕೋವಿ. ಯೋಧನೇ ಒಡೆಯನಾದರೆ ಅದು ಹೇಳಿ ಮಾಡಿಸಿದ ಕೋವಿ.

ಕಲ್ಲಿತ್ತು, ಉಕ್ಕಿತ್ತು

ಚಕಮಕಿಗೆ ಬೇಕಾದ ಸಾಮಗ್ರಿ ದೊರೆಯದ್ದರಿಂದ ಸಗರನಾಡು ಬತ್ತಿಗೆ ಅಂಟಿಕೊಂಡಿತೆಂದು ವಾದಿಸಬಹುದು. ಆದರೆ ಈ ನೆಲದ ಪ್ರಾಚೀನ ಚರಿತ್ರೆ ಆ ವಾದವನ್ನು ಪುಷ್ಟೀಕರಿಸುವುದಿಲ್ಲ. ಸುರಪುರ ಸೀಮೆಯ ಹುಣಸಗಿ-ಬೈಚಬಾಳ ಕಣಿವೆಯಲ್ಲಿ ಪ್ರೊ. ಕೆ. ಪದ್ದಯ್ಯನವರು ದಶಕಗಳ ಕಾಲ ನಡೆಸಿದ ಶೋಧಗಳಿಂದ ಈ ಪ್ರದೇಶವು ಭಾರತದ ಶಿಲಾಯುಗದ ಮಹತ್ವದ ನೆಲೆಯೆಂದು ಸಿದ್ಧವಾಗಿದೆ. ಇಸಾಂಪುರದಲ್ಲಿ ಹಳೆಯ ಶಿಲಾಯುಗದವರು ಸುಣ್ಣಕಲ್ಲಿನ ಆಯುಧಗಳನ್ನು ತಯಾರಿಸಿದ ಸ್ಥಳ ದೊರೆತಿದೆ. ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬದ ನೆಲೆಯಲ್ಲಿ ಚರ್ಟ್ ಕಲ್ಲನ್ನು ಸೀಳಿ ಅಲಗುಗಳನ್ನು ಮಾಡುತ್ತಿದ್ದ ಕಾರ್ಯಾಗಾರವೇ ಬೆಳಕಿಗೆ ಬಂದಿದೆ. ಚರ್ಟ್ ಎಂಬುದು ಚಕಮಕಿ ಕಲ್ಲಿನ ದಾಯಾದಿ. ಉಕ್ಕಿಗೆ ಬಡಿದರೆ ಕಿಡಿ ಕೊಡುವ ಕಲ್ಲು. ದಖ್ಖನ್ನಿನ ಕಪ್ಪುಶಿಲೆಯ ಪ್ರದೇಶದಲ್ಲಿ ಅಕೀಕಿನಂತಹ ಗಡುಸು ಕಲ್ಲುಗಳಿಗೂ ಬರವಿಲ್ಲ.

ಉಕ್ಕಿನ ವಿಷಯದಲ್ಲಿಯೂ ಇದೇ ಮಾತು. ಯುರೋಪಿಯನ್ನರು 'ವೂಟ್ಸ್' ಎಂದು ಕರೆದು ಬೆರಗಾದ ಲೋಹದ ಹೆಸರು ಕನ್ನಡದ 'ಉಕ್ಕು' ಎಂಬುದರ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ರೂಢವಾದ ಅಭಿಪ್ರಾಯ. ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಊರ ಹಳೆಯ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಎಕ್ಕದಂತಹ ಹಗುರ ಕಟ್ಟಿಗೆಯ ಇದ್ದಲು ಎಲ್ಲೆಡೆ ಲಭ್ಯವಿತ್ತು. ಗಂಧಕವನ್ನು ಮಾತ್ರ ವ್ಯಾಪಾರಿಗಳಿಂದ ಕೊಳ್ಳಬೇಕಾಗಿತ್ತು. ಮದ್ದಿನ ಹದ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ.

ಹಾಗಾದರೆ ಕೊರತೆಯಿದ್ದದ್ದು ಎಲ್ಲಿ? ಸಾವಿರಾರು ಕಲ್ಲುಗಳನ್ನು ಒಂದೇ ಅಳತೆಗೆ ಸೀಳುವ, ಸಾವಿರಾರು ಸ್ಪ್ರಿಂಗುಗಳನ್ನು ಒಂದೇ ಹದಕ್ಕೆ ತರುವ, ಕೆಟ್ಟವನ್ನು ಬದಲಿಸಿಕೊಡುವ ವ್ಯವಸ್ಥೆಯಲ್ಲಿ. ಅದು ಕಾರ್ಖಾನೆ, ಉಗ್ರಾಣ, ಸಂಬಳದ ಸೈನ್ಯ ಮತ್ತು ಖಜಾನೆಗಳನ್ನು ಬೇಡುತ್ತದೆ. ಸ್ಪ್ರಿಂಗು ಮುರಿದ ಚಕಮಕಿ ಕೋವಿಯು ಕಾರ್ಖಾನೆಯಿಂದ ದೂರವಿರುವ ಹಳ್ಳಿಯಲ್ಲಿ ಬರಿಯ ದೊಣ್ಣೆ. ಬತ್ತಿಯ ಕೋವಿಯಾದರೋ ಊರ ಕುಲುಮೆಯಲ್ಲಿ ಅರ್ಧ ದಿನದಲ್ಲಿ ಮತ್ತೆ ಜೀವ ಪಡೆಯುತ್ತದೆ. ಹತ್ತಾರು ಹಳ್ಳಿಗಳಲ್ಲಿ ಹರಡಿಕೊಂಡು, ಕರೆ ಬಂದಾಗ ಮಾತ್ರ ಕೂಡುವ ಪಡೆಗೆ ದುರಸ್ತಿಯ ಸುಲಭತೆಯೇ ಮೊದಲ ಅರ್ಹತೆ. ಈ ಲೆಕ್ಕಾಚಾರವನ್ನು ಅರಿತೇ ಬೇಡರು ಬತ್ತಿಯ ಕೋವಿಯನ್ನು ಉಳಿಸಿಕೊಂಡರೆಂದು ತಿಳಿಯುವುದು ಸಮಂಜಸ.

ಕೋವಿಯ ಜಪ್ತಿ

ಯೋಧನೇ ಕೋವಿಯ ಒಡೆಯನಾಗಿರುವ ಈ ಸ್ಥಿತಿಯನ್ನು ಬ್ರಿಟಿಷ್ ಆಡಳಿತವು ಸಹಿಸಲಿಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಆ ವರ್ಷದ ನವೆಂಬರಿನಲ್ಲಿ ದಂಗೆಯೆದ್ದರು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಹಲಗಲಿ ಬೇಡರ ಲಾವಣಿಯು ಈ ಘಟನೆಯ ಜನಪದ ಸಾಕ್ಷ್ಯ. ರಾಜ್ಯಕ್ಕಾಗಲಿ ಕಂದಾಯಕ್ಕಾಗಲಿ ಅಲ್ಲದೆ, ಕೈಯಲ್ಲಿದ್ದ ಆಯುಧವನ್ನು ಬಿಟ್ಟುಕೊಡಲಾರೆವೆಂಬ ಒಂದೇ ಕಾರಣಕ್ಕೆ ಒಂದು ಊರು ಸಾಯಲು ಸಿದ್ಧವಾದುದು ಆ ಲಾವಣಿಯ ವಸ್ತು. ಆಯುಧವು ಸರಕಾರ ಕೊಟ್ಟದ್ದಾಗಿದ್ದರೆ ಈ ಹಟ ಹುಟ್ಟುತ್ತಿರಲಿಲ್ಲ. ಅದು ತಂದೆಯಿಂದ ಮಗನಿಗೆ ಇಳಿದುಬಂದ, ತೋಳಿಗೆ ಒಗ್ಗಿದ, ಬೇಟೆಯ ಅನ್ನ ಕೊಟ್ಟ ವಸ್ತುವಾಗಿತ್ತು.

ಸುರಪುರದ ಕಥೆ ಇನ್ನಷ್ಟು ಕರುಣವಾದುದು. 1840ರ ದಶಕದಲ್ಲಿ ಇಲ್ಲಿಗೆ ಬಂದು ಸುಮಾರು ಹನ್ನೊಂದು ವರ್ಷ ಸಂಸ್ಥಾನದ ಆಡಳಿತ ನೋಡಿಕೊಂಡ ಕರ್ನಲ್ ಫಿಲಿಪ್ ಮೆಡೋಸ್ ಟೇಲರನು ಬಾಲಕ ರಾಜಾ ವೆಂಕಟಪ್ಪ ನಾಯಕನನ್ನು ಮಗನಂತೆ ಬೆಳೆಸಿದನು. 1853ರಲ್ಲಿ ಟೇಲರನು ಹೊರಟುಹೋದನು. 1858ರ ಫೆಬ್ರುವರಿಯಲ್ಲಿ ಸುರಪುರದ ಮೇಲೆ ಇಂಗ್ಲಿಷರ ಪಡೆ ಏರಿಬಂದಾಗ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೆ ಹಲವು ದಿಕ್ಕುಗಳಿಂದ ಪಡೆಗಳು ಕೂಡಿಬರುತ್ತಿದ್ದುದರಿಂದ ರಾಜನು ಊರು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಶಿಕ್ಷೆ ಇಳಿಕೆಯಾಗಿ, ಸೆರೆವಾಸಕ್ಕೆ ಸಾಗಿಸುತ್ತಿದ್ದಾಗ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅವನ ಜೀವ ಹೋಯಿತೆಂದು ಟೇಲರನು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. 1860ರ ಒಪ್ಪಂದದಂತೆ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು.

ಕೊಡಗಿನ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟರೆ ನಷ್ಟದ ಪ್ರಮಾಣ ಸ್ಪಷ್ಟವಾಗುತ್ತದೆ. ಬ್ರಿಟಿಷರಿಗೆ ನಿಷ್ಠರಾಗಿದ್ದ ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದಲ್ಲಿಯೂ ಅದು ಮುಂದುವರಿದು, 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಅಲ್ಲಿ ಕೋವಿ ಉಳಿಯಿತು, ಕೋವಿಯ ಸುತ್ತಣ ಆಚಾರ, ಹಾಡು, ಪದಗಳೂ ಉಳಿದವು. ಸಗರನಾಡಿನಲ್ಲಿ ಆಯುಧದ ಜೊತೆಗೆ ಅದನ್ನು ಮಾಡುವ ಕಸುಬು ನಿಂತುಹೋಯಿತು. ಕಸುಬಿನ ಪರಿಭಾಷೆ ಸವೆಯಿತು. ಜಪ್ತಿಯಾದದ್ದು ಕಬ್ಬಿಣ ಮಾತ್ರವಲ್ಲ.

ಇಂದಿನ ಪ್ರತಿಕೃತಿಗಳು

ಈ ಚರ್ಚೆಯು ಕೇವಲ ಗತಕಾಲದ್ದಲ್ಲ. ಹಳೆಯ ಕೋವಿಗಳ ಪ್ರತಿಕೃತಿಗಳನ್ನು ಮಾಡುವುದು ಇಂದು ಜಗತ್ತಿನಲ್ಲಿ ಒಂದು ಉದ್ಯಮ. ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾದ ಪೆಡರ್ಸೋಲಿ ಸಂಸ್ಥೆ 1957ರಿಂದ ಇಂತಹ ಕೆಲಸದಲ್ಲಿದೆ; ಅದರ 'ಬ್ರೌನ್ ಬೆಸ್' ಪ್ರತಿಕೃತಿ ಹೆಸರುವಾಸಿಯಾದುದು. ಭಾರತದಲ್ಲಿ ತಯಾರಾದ ಚಕಮಕಿ ಬಂದೂಕುಗಳೂ ಕಿರುರಂಧ್ರವನ್ನು ಕೊರೆಯದ ಸ್ಥಿತಿಯಲ್ಲಿ ಅಮೆರಿಕ, ಕೆನಡಾಗಳಿಗೆ ರಫ್ತಾಗುತ್ತವೆ. ಅಲ್ಲಿ ಹಳೆಯ ಯುದ್ಧಗಳನ್ನು ಅಭಿನಯಿಸಿ ತೋರಿಸುವವರು ಅವುಗಳನ್ನು ಕೊಳ್ಳುತ್ತಾರೆ. ಭಾರತವನ್ನು ಗೆದ್ದ ಕಂಪನಿಯ ಬಂದೂಕಿನ ನಕಲುಗಳನ್ನು ಇಂದು ಭಾರತದ ಕೆಲಸಗಾರರು ಮಾಡಿ ಮಾರುವುದು ಇತಿಹಾಸದ ವಿಚಿತ್ರ ಹೊರಳು. ಇವುಗಳ ಜೊತೆಗೆ, ಒಂದು ನಿರ್ದಿಷ್ಟ ಮೂಲವನ್ನು ಅಳೆದು, ಒಬ್ಬನೇ ಕುಶಲಕರ್ಮಿಯಿಂದ ಹೇಳಿ ಮಾಡಿಸುವ ರೂಢಿಯೂ ಆ ದೇಶಗಳಲ್ಲಿದೆ. ಸಿದ್ಧ ಪ್ರತಿಕೃತಿಯು ಅಗ್ಗ, ಬೇಗ ದೊರೆಯುತ್ತದೆ, ಬಿಡಿಭಾಗಗಳು ಸಿಗುತ್ತವೆ. ಹೇಳಿ ಮಾಡಿಸಿದ್ದು ದುಬಾರಿ, ಕಾಯಿಸುತ್ತದೆ, ಆದರೆ ಮೂಲಕ್ಕೆ ಹತ್ತಿರವಾಗಿರುತ್ತದೆ.

ವಸ್ತುಸಂಗ್ರಹಾಲಯ, ನಾಟಕ, ಚಲನಚಿತ್ರ, ಸ್ಮಾರಕ ಶಿಲ್ಪಗಳಲ್ಲಿ ಸಗರನಾಡಿನ ಬೇಡನನ್ನು ಚಿತ್ರಿಸುವವರಿಗೂ ಈ ಆಯ್ಕೆ ಎದುರಾಗುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಸಿದ್ಧ ಪ್ರತಿಕೃತಿಯು ಕಂಪನಿಯ ಸಿಪಾಯಿಯ ಚಕಮಕಿ ಬಂದೂಕು. ಅದನ್ನು ಪಿಡ್ಡ ನಾಯಕನ ಯೋಧನ ಕೈಗೆ ಕೊಟ್ಟರೆ ನೋಡುವವರಿಗೆ ಹಳೆಯ ಕೋವಿಯಂತೆಯೇ ತೋರೀತು. ಆದರೆ ಅಲ್ಲಿ ಕಾಣುವುದು ಅವನದಲ್ಲದ ಆಯುಧ. ಗ್ರಂಥಸಂಪಾದನೆಯಲ್ಲಿ ಬಲ್ಲವರಿಗೆ ಈ ದೋಷ ಪರಿಚಿತವಾದುದು: ಮೂಲಪ್ರತಿಯನ್ನು ನೋಡದೆ ದೊರೆತ ಮುದ್ರಣದಿಂದ ಮರುಮುದ್ರಿಸಿದರೆ ಹಿಂದಿನ ತಪ್ಪು ಪಾಠವೇ ಪ್ರಮಾಣವಾಗಿಬಿಡುತ್ತದೆ. ಆಯುಧದ ಪ್ರತಿಕೃತಿಯೂ ಒಂದು ಬಗೆಯ ಪಾಠವೇ. ಅದಕ್ಕೂ ಆಕರಪ್ರತಿ ಬೇಕು, ಅಳತೆ ಬೇಕು, ವ್ಯತ್ಯಾಸಗಳ ಟಿಪ್ಪಣಿ ಬೇಕು.

ಹೇಳಿ ಮಾಡಿಸುವುದರಲ್ಲಿಯೂ ಎಚ್ಚರ ಅಗತ್ಯ. ಆಕರವಿಲ್ಲದೆ ಕಲ್ಪನೆಯಿಂದ ಮಾಡಿಸಿದ ಕೋವಿಯು ಸಿದ್ಧ ಪ್ರತಿಕೃತಿಗಿಂತ ಹೆಚ್ಚು ದಾರಿತಪ್ಪಿಸಬಲ್ಲದು. ಏಕೆಂದರೆ ಅದಕ್ಕೆ 'ವಿಶೇಷವಾಗಿ ಮಾಡಿಸಿದ್ದು' ಎಂಬ ಗೌರವ ಸೇರಿಕೊಳ್ಳುತ್ತದೆ. ಆದ್ದರಿಂದ ಮೊದಲಿಗೆ ದಖ್ಖನ್ನಿನ ಬತ್ತಿಯ ಬಂದೂಕುಗಳ ಉಳಿದ ನಿದರ್ಶನಗಳನ್ನು ಅಳೆದು ದಾಖಲಿಸಬೇಕು: ನಳಿಗೆಯ ಉದ್ದ, ಒಳವ್ಯಾಸ, ಮರದ ಜಾತಿ, ಕೊಂಡಿಯ ಬಾಗು, ಬಟ್ಟಲಿನ ಮುಚ್ಚಳ. ಆನಂತರವೇ ಕಮ್ಮಾರನ ಬಳಿಗೆ ಹೋಗಬೇಕು. ಇಲ್ಲಿ ಕಾನೂನಿನ ಮಿತಿಯೂ ಇದೆ. 1959ರ ಆಯುಧ ಕಾಯ್ದೆಯ 45ನೆಯ ಪ್ರಕರಣವು ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುವುದು ಅವು ದುರಸ್ತಿ ಮಾಡಿದರೂ ಹಾರಿಸಲು ಬಾರದ ಸ್ಥಿತಿಯಲ್ಲಿದ್ದರೆ ಮಾತ್ರ. ಹಾರುವ ಕೋವಿಯನ್ನು ಮಾಡುವುದಕ್ಕೂ ಇರಿಸಿಕೊಳ್ಳುವುದಕ್ಕೂ ಪರವಾನಗಿ ಬೇಕು. ಪ್ರದರ್ಶನಕ್ಕಾಗಿ ಮಾಡುವ ಪ್ರತಿಕೃತಿಯಲ್ಲಿ ನಳಿಗೆಯನ್ನು ಕೊರೆಯದೆ ಬಿಡುವುದೇ ಕ್ಷೇಮ. ರೂಪದ ಅಧ್ಯಯನಕ್ಕೆ ಅದರಿಂದ ಹಾನಿಯಿಲ್ಲ.

ಉಪಸಂಹಾರ

ಹೇಳಿ ಮಾಡಿಸಿ ಕೊಂಡದ್ದೆಲ್ಲ ಉತ್ತಮ, ಮಾದರಿಯಿಂದ ಮಾಡಿದ್ದೆಲ್ಲ ಕೀಳು ಎಂಬ ಸರಳ ವಿಭಜನೆ ಈ ಚರಿತ್ರೆಗೆ ಹೊಂದುವುದಿಲ್ಲ. ಟಿಪ್ಪುವಿನ ಮಾದರಿಯ ಕೋವಿ ಒಂದು ರಾಜ್ಯದ ಸ್ವಾವಲಂಬನೆಯ ಪ್ರಯತ್ನ. ಬೇಡನ ಬತ್ತಿಯ ಕೋವಿ ಒಂದು ಜನಸಮುದಾಯದ ಸ್ವಾಧೀನತೆಯ ಗುರುತು. ಮೊದಲನೆಯದು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮುರಿಯಿತು. ಎರಡನೆಯದು 1857-58ರ ಜಪ್ತಿಯಲ್ಲಿ ಅಳಿಯಿತು. ಎರಡನ್ನೂ ಅವುಗಳ ಅಗತ್ಯದ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕೇ ಹೊರತು, ಯುರೋಪಿನ ಕಾಲಾನುಕ್ರಮಣಿಕೆಯನ್ನು ಅಳತೆಗೋಲಾಗಿಟ್ಟು ಬತ್ತಿಯದು ಹಿಂದಿನದು, ಚಕಮಕಿಯದು ಮುಂದಿನದು ಎಂದು ತೀರ್ಪು ಕೊಡಲಾಗದು.

ಸುರಪುರ ಸಂಸ್ಥಾನವನ್ನು ಕುರಿತು ಕಪಟರಾಳ ಕೃಷ್ಣರಾಯರಿಂದ ಮೊದಲ್ಗೊಂಡು ಹಲವು ವಿದ್ವಾಂಸರು ರಾಜಕೀಯ ಚರಿತ್ರೆಯ ಅಡಿಪಾಯವನ್ನು ಹಾಕಿದ್ದಾರೆ. ಆ ಅಡಿಪಾಯದ ಮೇಲೆ ವಸ್ತುಚರಿತ್ರೆಯನ್ನು ಕಟ್ಟುವ ಕೆಲಸ ಯುವ ಸಂಶೋಧಕರಿಗೆ ಉಳಿದಿದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕಮ್ಮಾರರ ಮನೆಗಳಲ್ಲಿ ಬಳಕೆಯಲ್ಲಿರುವ ಉಪಕರಣಗಳ ಹೆಸರು, ಬೇಟೆಯ ಹಾಡುಗಳಲ್ಲಿ ಬರುವ ಕೋವಿಯ ಅಂಗಗಳ ಹೆಸರು, ಆಯುಧಪೂಜೆಯ ದಿನ ಹಿರಿಯರು ಹೇಳುವ ಮಾತುಗಳು ಇವೆಲ್ಲ ಸಂಗ್ರಹಕ್ಕೆ ಯೋಗ್ಯವಾದ ಸಾಮಗ್ರಿ. ನಳಿಗೆಗಳನ್ನು ಸರಕಾರ ಒಯ್ದಿತು. ನಾಲಗೆಯ ಮೇಲಿನ ಪದಗಳನ್ನು ಯಾವ ಕಾಯ್ದೆಯೂ ಒಯ್ಯಲಾರದು. ಆ ಪದಗಳನ್ನು ಬಲ್ಲ ಹಿರಿಯರು ಇರುವಾಗಲೇ ಅವುಗಳನ್ನು ಬರೆದಿಟ್ಟುಕೊಳ್ಳುವುದು ಲೇಸು.